ಅತ್ತಿಗೆ ಕಟ್ಟಿದ ಹಗುರ ಹಲಗೆ

ನನ್ನ ಅತ್ತಿಗೆ ನಮ್ಮ ಮನೆಗೆ ಬಂದಾಗ ಅವರಿಗೆ ವೆಲ್ಡಿಂಗ್ ಎಂದರೆ ಮುಖ ತಿರುಗಿಸಿಕೊಂಡು ದಾಟಿಹೋಗಬೇಕಾದ ಬೆಳಕು ಎಂದಷ್ಟೇ ಗೊತ್ತಿತ್ತು. ಇದನ್ನು ಈಗ ಅವರೇ ಹೇಳಿ ನಗುತ್ತಾರೆ. ಅಣ್ಣನ ವರ್ಕ್‌ಶಾಪ್ ಮನೆಯ ಹಿಂದೆಯೇ ಇತ್ತು. ತಗಡಿನ ಮಾಡು, ಒಂದು ವೆಲ್ಡಿಂಗ್ ಮಷೀನು, ಒಂದು ಕಟಿಂಗ್ ಮಷೀನು, ನೆಲಕ್ಕೆ ಬೋಲ್ಟ್ ಹೊಡೆದು ನಿಲ್ಲಿಸಿದ ಉದ್ದನೆಯ ಕಬ್ಬಿಣದ ಮೇಜು. ಅಡುಗೆಮನೆಯ ಹಿಂಬಾಗಿಲು ತೆರೆದರೆ ಸೀದಾ ಆ ಮೇಜಿನ ಎದುರು ಬಂದು ನಿಲ್ಲಬೇಕು. ಹಾಗಾಗಿ ಅಣ್ಣನಿಗೆ ಕಾಫಿ ಕೊಡಲು ಬಂದವರು ಟೇಪಿನ ಇನ್ನೊಂದು ತುದಿ ಹಿಡಿದರು, ಆಮೇಲೆ ಗೇಟಿಗೆ ಕೆಂಪು ಪ್ರೈಮರ್ ಬಳಿದರು, ಆಮೇಲೆ ಮೂಲೆಮಟ್ಟ ಇಟ್ಟು ಅಣ್ಣನ ಕೆಲಸದಲ್ಲೇ ಕೂದಲೆಳೆಯ ಓರೆ ಕಂಡುಹಿಡಿದರು. ಗಿರಾಕಿಗಳು ಅವರಿಗೆ ಟೇಪಕ್ಕ ಎಂದು ಹೆಸರಿಟ್ಟದ್ದು ಆಗಲೇ.

ಅಣ್ಣನಿಗೆ ನಲವತ್ತೆರಡಾದಾಗ ಬಲಗೈ ನಡುಗತೊಡಗಿತು. ನರದ ತೊಂದರೆ, ಹೆಚ್ಚೂ ಆಗುವುದಿಲ್ಲ, ಹೋಗುವುದೂ ಇಲ್ಲ ಎಂದರು ಡಾಕ್ಟರು. ಲೋಟ ಹಿಡಿಯಬಹುದಿತ್ತು, ಸಹಿ ಹಾಕಬಹುದಿತ್ತು. ವೆಲ್ಡಿಂಗ್ ಹೋಲ್ಡರ್ ಹಿಡಿದು ನೇರವಾಗಿ ಒಂದು ಗೆರೆ ಬೆಸುಗೆ ಎಳೆಯುವುದು ಮಾತ್ರ ಆಗುತ್ತಿರಲಿಲ್ಲ. ನಾನು ಅಂದರೆ ಅವನ ತಮ್ಮ, ಆಗಲೇ ಹದಿನೈದು ವರ್ಷದಿಂದ ಅವನ ಜೊತೆ ಕೆಲಸ ಮಾಡುತ್ತಿದ್ದೆ. ಇನ್ನು ಮುಂದೆ ಎಲ್ಲ ನನ್ನ ತಲೆಯ ಮೇಲೆ ಎಂದುಕೊಂಡು ಒಂದು ವಾರ ಸುಮ್ಮನೆ ಓಡಾಡಿದೆ. ಎಂಟನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಅತ್ತಿಗೆ ಅಣ್ಣನ ಚರ್ಮದ ಏಪ್ರನ್ ಕಟ್ಟಿಕೊಂಡು, ಮುಖಕ್ಕೆ ಗಾಜು ಹಿಡಿದು, ಚೂರುಪಾರು ಪಟ್ಟಿಗಳ ಮೇಲೆ ಬೆಸುಗೆ ಎಳೆಯುತ್ತಾ ಕೂತಿದ್ದಾರೆ. ಅಣ್ಣ ಪಕ್ಕದ ಸ್ಟೂಲಿನ ಮೇಲೆ ಕೂತು, "ಅವಸರ ಮಾಡ್ಬೇಡ, ಅದು ಕರಗೋದನ್ನ ನೋಡ್ತಾ ನೋಡ್ತಾ ಕೈ ಸರಿಸು" ಎನ್ನುತ್ತಿದ್ದ. ನಮ್ಮ ಅಮ್ಮ ಹಿಂಬಾಗಿಲಲ್ಲಿ ನಿಂತು, "ಒಲೆ ಮುಂದೆ ಕೂತು ಅಭ್ಯಾಸ ಇದೆ ಬಿಡು, ಇದು ಸ್ವಲ್ಪ ದೊಡ್ಡ ಒಲೆ" ಎಂದಳು. ಮೂರು ತಿಂಗಳಲ್ಲಿ ಅವರ ಬೆಸುಗೆಯನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟರೆ ಗಿರಾಕಿಗಳು ಅವರದ್ದನ್ನೇ ತೋರಿಸುತ್ತಿದ್ದರು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ಆಗ ನಮ್ಮದು ಬರೀ ಕಬ್ಬಿಣದ ಕೆಲಸ. ಕಬ್ಬಿಣ ಎನ್ನುವುದು ಬಾಯಿರೂಢಿ. ನಾವು ಬಳಸುತ್ತಿದ್ದುದು ಗೇಟು, ಮೆಟ್ಟಿಲು, ಮಾಡಿನ ಚೌಕಟ್ಟುಗಳಿಗೆ ಎಲ್ಲರೂ ಬಳಸುವ ಉಕ್ಕು. ಒಂದು ದಿನ ಬಣ್ಣ ಬಳಿಯುವವನೊಬ್ಬ ಮೆಟ್ಟಿಲು ಬಿಟ್ಟುಹೋದ ಅಲ್ಯೂಮಿನಿಯಂ ಏಣಿ ಹೊತ್ತು ತಂದ. "ಇದೆಲ್ಲ ನಮ್ಮಲ್ಲಿ ಆಗಲ್ಲ" ಎಂದು ನಾನು ವಾಪಸು ಕಳಿಸಿದೆ. ಅವನು ಬೀದಿ ತಿರುಗುವವರೆಗೂ ಅತ್ತಿಗೆ ನೋಡುತ್ತಲೇ ಇದ್ದರು.

"ಆಗಲ್ಲ ಅಂದ್ರೆ ಏನರ್ಥ?" ಎಂದು ಕೇಳಿದರು.

"ಅದಕ್ಕೆ ಮಷೀನೇ ಬೇರೆ, ಗ್ಯಾಸ್ ಬೇರೆ, ಕೈಯೇ ಬೇರೆ ಅತ್ತಿಗೆ. ಅದೊಂದು ಮೋಸದ ಲೋಹ. ಕಬ್ಬಿಣ ಆದ್ರೆ ಕೆಂಪಗಾಗಿ, ಕರಗ್ತೀನಿ ನೋಡು ಅಂತ ಹೇಳಿ ಕರಗುತ್ತೆ. ಇದು ಬಣ್ಣ ಕೂಡ ಬದಲಾಯಿಸಲ್ಲ. ಬೆಳ್ಳಗೇ ಇದ್ದು ಇದ್ದಕ್ಕಿದ್ದ ಹಾಗೆ ತೊಟ್ಟಿಕ್ಕಿ ಬೀಳುತ್ತೆ."

"ಹೇಳದೆ ಕೇಳದೆ ಕೋಪ ಮಾಡ್ಕೊಳ್ಳೋರ ಜೊತೆ ಸಂಸಾರ ಮಾಡಿಲ್ವಾ ನಾನು" ಎಂದು ಅಣ್ಣನ ಕಡೆ ನೋಡಿದರು. ಅಣ್ಣ ಪೇಪರ್ ಎತ್ತಿ ಮುಖ ಮುಚ್ಚಿಕೊಂಡ.

ದೋಣಿ ರಿಪೇರಿ ಮಾಡುವ ಯಾರ್ಡಿನಲ್ಲಿ ಒಬ್ಬರು ಹಿರಿಯ ಮೇಸ್ತ್ರಿ ಇದ್ದರು. ಅಲ್ಯೂಮಿನಿಯಂ ಬೆಸುಗೆಯಲ್ಲಿ ಅವರದ್ದು ಎತ್ತಿದ ಕೈ. ಅತ್ತಿಗೆ ಎರಡು ತಿಂಗಳು ದಿನಾ ಮಧ್ಯಾಹ್ನ ಅಲ್ಲಿಗೆ ಹೋಗಿ ಬಂದರು. ಮೊದಲ ಹತ್ತು ದಿನ ಮೇಸ್ತ್ರಿ ಇವರ ಕೈಗೆ ಬೆಸುಗೆಯ ಟಾರ್ಚನ್ನೇ ಕೊಡಲಿಲ್ಲವಂತೆ. ಲೋಹದ ಮೇಲಿನ ಪೊರೆಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುವುದನ್ನೇ ಮಾಡಿಸಿದರಂತೆ. ವಾಪಸು ಬಂದು ನಮ್ಮ ವರ್ಕ್‌ಶಾಪಿನ ಒಂದು ಮೂಲೆಗೆ ದಪ್ಪ ಪರದೆ ಕಟ್ಟಿಸಿದರು. ಆ ಮೂಲೆಯ ಬ್ರಷ್ಷು, ಅರ, ಮೇಜು ಎಲ್ಲ ಅಲ್ಯೂಮಿನಿಯಂಗೇ ಮೀಸಲು. ಕಬ್ಬಿಣದ ಪುಡಿ ಅಂಟಿದ ಕೈಯಲ್ಲಿ ನಾನು ಪರದೆ ಸರಿಸಿದರೂ, "ಕೈ ತೊಳ್ಕೊಂಡು ಬಾ" ಎನ್ನುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ನಡೆಸುತ್ತಿದ್ದ ದರ್ಬಾರನ್ನು ಇವರು ಅಲ್ಲಿ ಶುರುಮಾಡಿದರು.

ಎರಡೂ ಲೋಹ ಕೈಗೆ ಬಂದ ಮೇಲೆ ಅತ್ತಿಗೆಯ ಮಾತಿನ ರೀತಿಯೇ ಬದಲಾಯಿತು. ಗಿರಾಕಿ ಬಂದರೆ ಉದ್ದ ಅಗಲ ಕೇಳುವ ಮೊದಲು, "ಇದನ್ನ ಎತ್ತೋರು ಯಾರು?" ಎಂದು ಕೇಳುತ್ತಿದ್ದರು. ಗೇಟು ಬೇಕು ಎಂದು ಬಂದವರು ಕಕ್ಕಾಬಿಕ್ಕಿಯಾಗುತ್ತಿದ್ದರು.

ಲಾಂಚ್ ಕಟ್ಟೆಯ ಕೆಲಸ ಬಂದದ್ದು ಅದರ ಮರುವರ್ಷ. ನಮ್ಮೂರಿನ ನದಿ ಸಮುದ್ರ ಸೇರುವ ಕಡೆ ಅಗಲವಾಗಿ ಹರಡಿಕೊಂಡಿದೆ. ಆಸ್ಪತ್ರೆ ಆಚೆ ದಡದಲ್ಲಿ, ಮಾರುಕಟ್ಟೆ ಈಚೆ ದಡದಲ್ಲಿ. ದಿನವಿಡೀ ಲಾಂಚು ಅತ್ತಿಂದಿತ್ತ ಓಡಾಡುತ್ತದೆ. ಕಟ್ಟೆಯಿಂದ ಲಾಂಚಿಗೆ ಹತ್ತಲು ಐದು ಮೀಟರ್ ಉದ್ದದ ಒಂದು ಕಬ್ಬಿಣದ ಸೇತುವೆ. ಒಂದು ಕಾಲದಲ್ಲಿ ಮರದ್ದಿತ್ತಂತೆ, ಅದಕ್ಕೇ ಜನ ಇನ್ನೂ ಅದನ್ನು ಹಲಗೆ ಎಂದೇ ಕರೆಯುತ್ತಿದ್ದರು. ಒಂದು ತುದಿ ಕಟ್ಟೆಯ ಕಂಬಗಳಿಗೆ ಬಿಜಾಗರಿಯಂತೆ ಜೋಡಿಸಿತ್ತು. ಇನ್ನೊಂದು ತುದಿಯನ್ನು ಪ್ರತಿ ಸಲ ಲಾಂಚು ಬಂದಾಗ ಎತ್ತಿ ಅದರ ಅಂಚಿನ ಮೇಲೆ ಇಳಿಸಬೇಕು, ಹೊರಡುವಾಗ ಮತ್ತೆ ಎತ್ತಬೇಕು. ಹಲಗೆ ಸವೆದು ತೂತು ಬಿದ್ದಿತ್ತು. ಕಟ್ಟೆ ಆಫೀಸಿನ ಎಂಜಿನಿಯರು ಹಳೇ ನಕ್ಷೆ ಹಿಡಿದು, ಅದೇ ಅಳತೆ, ಅದೇ ಉಕ್ಕಿನಲ್ಲಿ ಹೊಸದು ಮಾಡಿಕೊಡಿ ಎಂದು ನಮ್ಮಲ್ಲಿಗೆ ಬಂದರು. ನಾನು ಆಗಲೇ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಸಾಮಾನಿನ ಪಟ್ಟಿ ಮಾಡಲು ಕೂತಿದ್ದೆ.

"ಎತ್ತೋರು ಯಾರು ಸರ್?" ಎಂದರು ಅತ್ತಿಗೆ.

ಎಂಜಿನಿಯರು ನಕ್ಷೆ ಮಡಿಸುತ್ತಾ, "ಲಾಂಚಿನೋರು ಎತ್ತುತ್ತಾರೆ ಮೇಡಂ, ನಾಲ್ಕು ಜನ ಇರ್ತಾರೆ" ಎಂದರು.

"ಬನ್ನಿ, ನೋಡ್ಕೊಂಡು ಬರೋಣ."

ಲಾಂಚನ್ನು ಹಗ್ಗದಿಂದ ಕಟ್ಟೆಗೆ ಕಟ್ಟುವ ಕೆಲಸ ಒಬ್ಬ ಹೆಂಗಸಿನದು, ಎಲ್ಲರೂ ಹಗ್ಗದಕ್ಕ ಎನ್ನುತ್ತಿದ್ದರು. ಗಟ್ಟಿ ಆಳು, ಮಾತು ಅದಕ್ಕಿಂತ ಗಟ್ಟಿ. ಲಾಂಚಿನಲ್ಲಿ ಇದ್ದದ್ದು ಅವರೂ ಚಾಲಕರೂ ಇಬ್ಬರೇ. ಮಿಕ್ಕ ಇಬ್ಬರನ್ನು ಪ್ರತಿ ಸಲ ಪ್ರಯಾಣಿಕರಲ್ಲೇ ಹುಡುಕಿಕೊಳ್ಳಬೇಕಿತ್ತು. ಹಗ್ಗದಕ್ಕ ತಮ್ಮ ಎಡಗೈ ಚಾಚಿ ತೋರಿಸಿದರು. ನಡುಬೆರಳಿನ ಉಗುರು ಇರಲಿಲ್ಲ.

"ಜೊತೆಗೆ ಹಿಡಿದಿದ್ದ ಯಾರೋ ಕೈ ಬಿಟ್ಬಿಟ್ರು. ಅವರ ತಪ್ಪಲ್ಲ, ಭಾರ ಹಾಗಿದೆ" ಎಂದರು. "ಆಚೆ ದಡದ ಆಸ್ಪತ್ರೆಗೆ ಹೋಗೋ ಗಾಲಿಕುರ್ಚಿಯೋರು ಬಂದ್ರೆ ಎತ್ತೋಕೆ ಜನ ಸೇರೋವರೆಗೂ ಕಾಯಿಸ್ಬೇಕು. ನೋಡೋಕಾಗಲ್ಲ ಅಕ್ಕ."

ಅತ್ತಿಗೆ ಸೆರಗು ಸಿಕ್ಕಿಸಿ ಹಲಗೆಯ ಒಂದು ಹಿಡಿ ಹಿಡಿದರು. ಎಂಜಿನಿಯರನ್ನು ನೋಡಿದರು. ಆ ಮನುಷ್ಯ ಒಳ್ಳೆಯವರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬಂದು ಇನ್ನೊಂದು ಹಿಡಿ ಹಿಡಿದರು. ನಾನೂ ಹಗ್ಗದಕ್ಕನೂ ಸೇರಿ ನಾಲ್ಕೂ ಜನ ಎತ್ತಿ, ಇಳಿಸಿ, ಮತ್ತೆ ಎತ್ತಿದೆವು. ಹಲಗೆಯ ತೂಕ ನೂರ ಎಂಬತ್ತು ಕೆಜಿ. ಅದರ ಅರ್ಧ ನಮ್ಮ ನಾಲ್ವರ ಕೈಯ ಮೇಲೆ. ಎರಡನೇ ಸಲಕ್ಕೇ ಎಂಜಿನಿಯರ ಮುಖ ಕೆಂಪಗಾಗಿ, ಅಂಗಿಯ ಮೇಲೆ ಉದ್ದಕ್ಕೆ ತುಕ್ಕಿನ ಪಟ್ಟೆ ಮೂಡಿತ್ತು.

"ದಿನಕ್ಕೆ ಎಷ್ಟು ಸಲ?" ಎಂದು ಅವರೇ ಕೇಳಿದರು.

"ನಲವತ್ತು" ಎಂದರು ಹಗ್ಗದಕ್ಕ.

ವಾಪಸು ಬರುವ ದಾರಿಯಲ್ಲಿ ಅತ್ತಿಗೆ ಅಲ್ಯೂಮಿನಿಯಂ ಎಂದರು. ಅದೇ ಗಾತ್ರಕ್ಕೆ ಮೂರನೇ ಒಂದು ಪಾಲು ತೂಕ, ಉಪ್ಪು ಗಾಳಿಗೆ ತುಕ್ಕೂ ಹಿಡಿಯುವುದಿಲ್ಲ. ನಾನು ಬಿಡಲಿಲ್ಲ. ಬೆಲೆ ಜಾಸ್ತಿ, ಬೆಸುಗೆ ಕಷ್ಟ, ಜನರ ಪ್ರಾಣದ ಪ್ರಶ್ನೆ, ಇಷ್ಟು ವರ್ಷದಿಂದ ಕಬ್ಬಿಣವೇ ಇದ್ದದ್ದು ಸುಮ್ಮನೆಯಾ ಎಂದೆಲ್ಲ ವಾದ ಮಾಡಿದೆ. ಎಂಜಿನಿಯರು ಇಬ್ಬರ ಮಾತನ್ನೂ ಕೇಳಿ, ಅಂಗಿಯ ಮೇಲಿನ ತುಕ್ಕನ್ನು ಒಮ್ಮೆ ಉಜ್ಜಿಕೊಂಡು, "ಮಾಡಿ ಮೇಡಂ. ಆದ್ರೆ ಒಂದು ಟನ್ ಮರಳು ಹೇರಿ ಪರೀಕ್ಷೆ ಮಾಡ್ತೀನಿ. ಪಾಸಾಗದಿದ್ರೆ ಉಕ್ಕಿನದ್ದೇ" ಎಂದರು.

ಹಳೇ ಹಲಗೆಯ ಅಳತೆಯ ಪೈಪುಗಳನ್ನೇ ಅಲ್ಯೂಮಿನಿಯಂನಲ್ಲಿ ತರಿಸಿ ಅತ್ತಿಗೆ ಚೌಕಟ್ಟು ಕಟ್ಟಿದರು. ಹದಿನೆಂಟು ದಿನ. ಬೆಸುಗೆ ಎಷ್ಟು ಚೆನ್ನಾಗಿತ್ತೆಂದರೆ ನಾಣ್ಯಗಳನ್ನು ಒಂದರ ಮೇಲೊಂದು ಸರಿಸಿಟ್ಟ ಹಾಗೆ ಕಾಣುತ್ತಿತ್ತು. ಎರಡು ತುದಿಗೂ ಮರದ ದಿಮ್ಮಿ ಕೊಟ್ಟು ಅಂಗಳದಲ್ಲಿ ನಿಲ್ಲಿಸಿ, ಎಂಜಿನಿಯರನ್ನು ಕರೆಯುವ ಮೊದಲು ನಾವೇ ಒಮ್ಮೆ ನೋಡೋಣ ಎಂದು ಮರಳಿನ ಚೀಲ ಹೇರಿದೆವು. ಅರ್ಧ ಭಾರ ಹೇರುವಷ್ಟರಲ್ಲಿ ನಡು ಕೆಳಕ್ಕೆ ಜಗ್ಗಿತು. ಮುರಿಯಲಿಲ್ಲ, ಬೆಸುಗೆ ಬಿರಿಯಲಿಲ್ಲ. ಚೀಲ ಇಳಿಸಿದರೆ ಮತ್ತೆ ನೆಟ್ಟಗಾಯಿತು. ಆದರೆ ಅಣ್ಣ ಅದರ ಮೇಲೆ ನಾಲ್ಕು ಹೆಜ್ಜೆ ನಡೆದು, "ಇದು ಹಲಗೆಯಲ್ಲ ಕಣೇ, ಉಯ್ಯಾಲೆ" ಎಂದ.

ನಾನು ನಕ್ಕೆ. ಆಮೇಲೆ ಅತ್ತಿಗೆಯ ಮುಖ ನೋಡಿ, ನಗಬಾರದಿತ್ತು ಅನಿಸಿತು. ಅವರು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಒಳಗೆ ಹೋದರು. ಅರ್ಧ ಗಂಟೆ ಬಿಟ್ಟು ಹೊರಗೆ ಬಂದವರು, ಬೇರೆ ಯಾರಾದರೂ ಆಗಿದ್ದರೆ ಬಾಯಿಬಿಟ್ಟು ಹೇಳದ ಮಾತನ್ನು ಹೇಳಿದರು.

"ತಪ್ಪು ನಂದೇ. ಮುರಿಯುತ್ತಾ ಇಲ್ವಾ ಅಂತ ಮಾತ್ರ ನೋಡ್ದೆ. ಎಷ್ಟು ಬಾಗುತ್ತೆ ಅಂತ ನೋಡ್ಲಿಲ್ಲ. ತೂಕ ಮೂರನೇ ಒಂದು ಪಾಲು ಅಂತ ಖುಷಿಪಟ್ಟೆ, ಬಿಗಿನೂ ಮೂರನೇ ಒಂದು ಪಾಲೇ ಅನ್ನೋದನ್ನ ಮರೆತೆ. ಕಬ್ಬಿಣದ ಅಂಗಿಯನ್ನ ಅಲ್ಯೂಮಿನಿಯಂಗೆ ತೊಡಿಸಿಬಿಟ್ಟೆ."

ಎಂಜಿನಿಯರಿಗೆ ಫೋನ್ ಮಾಡಿ, ನನ್ನ ಮೊದಲ ಹಲಗೆ ಸರಿಬರಲಿಲ್ಲ, ಇನ್ನೊಂದು ತಿಂಗಳು ಕೊಡಿ ಎಂದು ತಾವೇ ಹೇಳಿದರು. ಮುಚ್ಚಿಡಲು ಹೋಗಲಿಲ್ಲ. ಅಂದಿನಿಂದ ನಾನು ಅವರ ಜೊತೆ ವಾದ ಮಾಡುವುದನ್ನು ಬಿಟ್ಟೆ. ಮಾಡುತ್ತೇನೆ, ಆದರೆ ಗೆಲ್ಲಬೇಕೆಂದು ಮಾಡುವುದಿಲ್ಲ.

ನಾಲ್ಕು ದಿನ ಅತ್ತಿಗೆ ಕಾಗದದ ಮೇಲೆ ಬರೆಯುತ್ತಾ ಹರಿಯುತ್ತಾ ಇದ್ದರು. ಪೈಪಿನ ಎತ್ತರ ಹೆಚ್ಚಿಸಿದರೆ ಬಿಗಿ ಬರುತ್ತದೆ, ಆದರೆ ತೂಕವೂ ಏರುತ್ತದೆ. ಐದನೇ ದಿನ ಊಟ ಮುಗಿಸಿ ವರ್ಕ್‌ಶಾಪಿನ ನೆಲದ ಮೇಲೆ ಹಾಗೇ ಅಂಗಾತ ಮಲಗಿದ್ದವರು, ಮಾಡನ್ನೇ ನೋಡುತ್ತಾ, "ಇಷ್ಟು ಸಣ್ಣ ಸಣ್ಣ ಆಂಗಲ್ ಪಟ್ಟಿ ಇಟ್ಕೊಂಡು ಈ ಮಾಡು ಇಷ್ಟಗಲ ಹೇಗೆ ನಿಂತಿದೆ?" ಎಂದು ನನ್ನನ್ನು ಕೇಳಿದರು.

ಮಾಡಿನ ಚೌಕಟ್ಟು ನಾನೇ ಕಟ್ಟಿದ್ದು. "ಮೇಲೊಂದು, ಕೆಳಗೊಂದು, ನಡುವೆ ಓರೆ ಪಟ್ಟಿ. ತ್ರಿಕೋನ ಮಾಡಿದ್ರೆ ಒಂದನ್ನೊಂದು ಹಿಡ್ಕೊಳ್ಳುತ್ತೆ ಅತ್ತಿಗೆ. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಇದ್ದಷ್ಟೂ ಬಿಗಿ."

ಅವರು ಎದ್ದು ಕೂತರು. "ಹಲಗೆಯ ಎರಡು ಪಕ್ಕದಲ್ಲೂ ಜನ ಹಿಡ್ಕೊಳ್ಳೋಕೆ ಅಂತ ಸೊಂಟದೆತ್ತರಕ್ಕೆ ಕಂಬಿ ಇದೆಯಲ್ಲ. ಅದು ಸುಮ್ಮನೆ ನಿಂತಿದೆ. ಅದನ್ನೂ ಕೆಲಸಕ್ಕೆ ಹಚ್ಚಿದ್ರೆ?"

ಆ ಕ್ಷಣ ಇವತ್ತಿಗೂ ಹಾಗೇ ನೆನಪಿದೆ. ಕೈಕಂಬಿ ಮೇಲಿನ ಪಟ್ಟಿ, ಹಲಗೆಯ ಅಂಚು ಕೆಳಗಿನ ಪಟ್ಟಿ, ನಡುವೆ ಓರೆ ಪಟ್ಟಿಗಳು. ಇಡೀ ಸೇತುವೆಗೆ ಸೊಂಟದೆತ್ತರದ ಬಲ. ಅದೇ ಅಳತೆಯ ಪೈಪು ಸಾಕು, ಕೆಲವು ಕಡೆ ಇನ್ನೂ ಸಣ್ಣದು. ನಾನೇ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಪೂರ್ತಿ ಅಳತೆಯಲ್ಲಿ ಗೀಚಿದೆ. ಅಣ್ಣ ಸ್ಟೂಲು ಸರಿಸಿಕೊಟ್ಟ.

ಬೆಸುಗೆ ಹಾಕಿದ ಜಾಗದಲ್ಲಿ ಅಲ್ಯೂಮಿನಿಯಂ ಕಾವಿಗೆ ಮೆತ್ತಗಾಗುತ್ತದೆ. ಅದು ಅದರ ಇನ್ನೊಂದು ಗುಣ. ಅತ್ತಿಗೆ ಈ ಸಲ ಆ ಮೆತ್ತಗಾದ ಬಲವನ್ನೇ ಲೆಕ್ಕಕ್ಕೆ ಹಿಡಿದರು, ಉದ್ದದ ಪೈಪುಗಳನ್ನು ನಡುವೆ ಎಲ್ಲೂ ಕತ್ತರಿಸದೆ ಒಂದೇ ತುಂಡಿನಲ್ಲಿ ತರಿಸಿದರು. ಲೆಕ್ಕವನ್ನು ಎಂಜಿನಿಯರಿಗೆ ಕಳಿಸಿ ಸರಿ ಎನ್ನಿಸಿಕೊಂಡ ಮೇಲೆಯೇ ಟಾರ್ಚು ಹೊತ್ತಿಸಿದ್ದು. ಕಟ್ಟೆಯ ಮೇಲಿನ ಕಂಬ ಮತ್ತು ತಿರುಗುವ ಕೀಲು ಮಾತ್ರ ಸತು ಲೇಪಿಸಿದ ಉಕ್ಕಿನದೇ ಇರಲಿ ಎಂದರು. ಅವು ಅಲ್ಲೇ ನಿಲ್ಲುವಂಥವು, ಲಾಂಚು ಬಂದು ಗುದ್ದಿದರೂ ತಡೆಯಬೇಕಾದವು. ಅದು ನನ್ನ ಪಾಲಿಗೆ ಬಂತು. ಉಪ್ಪು ನೀರಿನಲ್ಲಿ ಈ ಎರಡು ಲೋಹ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಕೊರೆದು ಹೋಗುತ್ತದೆ. ಹಾಗಾಗಿ ಪ್ರತಿ ಬೋಲ್ಟಿಗೂ ದಪ್ಪ ಪ್ಲಾಸ್ಟಿಕ್ಕಿನ ಕೊಳವೆಯಂಥ ಬುಷ್ ಮತ್ತು ವಾಷರ್ ಹಾಕಿಸಿದರು. ಯಾಕೆ ಎಂದು ಕೇಳಿದ ಅಮ್ಮನಿಗೆ, "ಮಾತಿಗೆ ಮಾತು ಬೆಳೆಸೋ ಇಬ್ಬರು ನೆಂಟರನ್ನ ಊಟಕ್ಕೆ ಕೂರಿಸುವಾಗ ನಡುವೆ ಒಬ್ಬರನ್ನ ಕೂರಿಸ್ತೀವಲ್ಲ ಅತ್ತೆ, ಹಾಗೆ" ಎಂದರು. ಅಮ್ಮನಿಗೆ ತಕ್ಷಣ ಅರ್ಥವಾಯಿತು. ಯಾವ ನೆಂಟರು ಎಂದೂ ಅರ್ಥವಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಟ್ಟೆಯ ಮೇಲೆ ಜನ. ಎಂಜಿನಿಯರು ಹಲಗೆಯ ಕೆಳಗೆ ದಾರ ಬಿಗಿದು, ನಡುವೆ ಅಳತೆಪಟ್ಟಿ ನಿಲ್ಲಿಸಿದರು. ಒಂದೊಂದೇ ಚೀಲ ಏರತೊಡಗಿತು. ಅರ್ಧ ಟನ್ನಿಗೆ ಅಳತೆಪಟ್ಟಿಯ ಮೇಲೆ ಕಂಡೂ ಕಾಣದ ಬದಲಾವಣೆ. ಒಂದು ಟನ್ನಿಗೆ ನಾಲ್ಕು ಮಿಲಿಮೀಟರ್. ಎಂಜಿನಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಇನ್ನೂ ಹಾಕಿ ಸರ್" ಎಂದರು ಅತ್ತಿಗೆ.

"ಬೇಕಾಗಿಲ್ಲ ಮೇಡಂ."

"ನನ್ನ ಸಮಾಧಾನಕ್ಕೆ ಹಾಕಿ."

ಒಂದೂವರೆ ಟನ್ ಹೇರಿದರು. ಒಂದು ಗಂಟೆ ಹಾಗೇ ಬಿಟ್ಟರು. ಇಳಿಸಿದಾಗ ದಾರ ಮೊದಲಿದ್ದ ಗೆರೆಗೇ ಬಂತು. ಎಂಜಿನಿಯರು ಕಾಗದಕ್ಕೆ ಸಹಿ ಹಾಕಿ, ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಗೆ ಕೊಟ್ಟರು.

ಆಮೇಲೆ ಹಗ್ಗದಕ್ಕ ಮುಂದೆ ಬಂದರು. ಹಲಗೆಯ ಹಿಡಿ ಹಿಡಿದು, ಹಳೇ ಅಭ್ಯಾಸದಲ್ಲಿ ಮೈಯ ಬಲವೆಲ್ಲ ಹಾಕಿ ಎತ್ತಿದರು. ತುದಿ ಚಂಗನೆ ಎದೆಯವರೆಗೆ ಬಂದುಬಿಟ್ಟಿತು. ಅವರು ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ನಿಂತರು. ಇಡೀ ಹಲಗೆ ಎಪ್ಪತ್ತೈದು ಕೆಜಿಯೂ ಇರಲಿಲ್ಲ. ಅವರು ಇಳಿಸಿದರು, ಮತ್ತೆ ಎತ್ತಿದರು. ಚಾಲಕರು ಸಹಾಯಕ್ಕೆ ಬಂದರೆ, "ನೀವು ಹೋಗಿ ಇಂಜಿನ್ ನೋಡ್ಕೊಳ್ಳಿ" ಎಂದರು. ನಾಲ್ಕನೇ ಸಲ ಎತ್ತುವಾಗ ಅವರ ಕಣ್ಣು ತುಂಬಿತ್ತು. ಅತ್ತಿಗೆ ಹೋಗಿ ಇನ್ನೊಂದು ಹಿಡಿ ಹಿಡಿದರು. ಇಬ್ಬರೂ ಸೇರಿ ತಟ್ಟೆ ಇಡುವಷ್ಟು ಮೆಲ್ಲಗೆ ಅದನ್ನು ಲಾಂಚಿನ ಅಂಚಿಗೆ ಇಳಿಸಿದರು. ಮೊದಲು ದಾಟಿದ್ದು ಗಾಲಿಕುರ್ಚಿಯಲ್ಲಿದ್ದ ಒಬ್ಬ ಅಜ್ಜಿ. ಅವರಿಗೆ ಇದರ ಹಿಂದಿನ ಕಥೆಯೇನೂ ಗೊತ್ತಿರಲಿಲ್ಲ. "ಇವತ್ತೇನು ಬೇಗ ಹತ್ತಿಸಿಬಿಟ್ರಿ" ಎಂದಷ್ಟೇ ಹೇಳಿದರು. ಅತ್ತಿಗೆ ಆ ಮಾತನ್ನು ಮನೆಗೆ ಬಂದು ಮೂರು ಸಲ ಹೇಳಿಕೊಂಡರು.

ಇದಾದ ಮೇಲೆ ಊರಿಗೆಲ್ಲ ಅಲ್ಯೂಮಿನಿಯಂ ಹುಚ್ಚು ಹಿಡಿಯಿತು. ಶಾಲೆಯ ಹೆಡ್‌ಮಾಸ್ಟರು ಬಂದು ಎರಡು ಸಾವಿರ ಲೀಟರಿನ ನೀರಿನ ಟ್ಯಾಂಕಿಗೆ ಅಲ್ಯೂಮಿನಿಯಂ ಸ್ಟ್ಯಾಂಡ್ ಬೇಕು ಎಂದರು. ತುಕ್ಕು ಹಿಡಿಯಲ್ಲವಲ್ಲ, ನಿಮ್ಮ ಹಲಗೆ ನೋಡಿಯೇ ಬಂದೆ ಎಂದರು. ಬೇರೆಯವರಾಗಿದ್ದರೆ ತಲೆಯಾಡಿಸಿ ಕೆಲಸ ಹಿಡಿಯುತ್ತಿದ್ದರು.

"ಟ್ಯಾಂಕನ್ನ ದಿನಾ ಎತ್ತಿ ಇಡ್ತೀರಾ ಸರ್?" ಎಂದರು ಅತ್ತಿಗೆ. "ಅದು ಒಂದೇ ಕಡೆ ನಿಲ್ಲೋದು. ಎರಡು ಟನ್ ನೀರು ಹೊತ್ಕೊಂಡು ಅಲುಗಾಡದೆ ನಿಲ್ಬೇಕು, ಅಡಿಯಲ್ಲಿ ಮಕ್ಕಳು ಓಡಾಡ್ತಿರ್ತಾರೆ. ಸತು ಲೇಪಿಸಿದ ಉಕ್ಕೇ ಹಾಕೋಣ. ಅದರಲ್ಲಿ ನನ್ನ ಮೈದುನನ್ನ ಮೀರಿಸೋರಿಲ್ಲ."

ನಾನು ಕಟಿಂಗ್ ಮಷೀನು ಆಫ್ ಮಾಡಿ ಏನೂ ಕೇಳಿಸದವನಂತೆ ನಿಂತೆ. ಇಷ್ಟು ವರ್ಷದಲ್ಲಿ ಅವರು ನನ್ನ ಎದುರು ಹೀಗೆ ಹೇಳಿದ್ದೇ ಇರಲಿಲ್ಲ. ಆ ಸ್ಟ್ಯಾಂಡಿನ ಪ್ರತಿ ಬೆಸುಗೆಯನ್ನೂ ನಾನು ಎರಡೆರಡು ಸಲ ತಿಕ್ಕಿ ನೋಡಿದೆ.

ಹೋದ ವರ್ಷ ಕೈಗಾರಿಕಾ ತರಬೇತಿ ಶಾಲೆಯಿಂದ ಪತ್ರ ಬಂತು. ವಾರಕ್ಕೊಂದು ದಿನ ಬಂದು ಲೋಹದ ಆಯ್ಕೆಯ ಬಗ್ಗೆ ಪಾಠ ಹೇಳಬೇಕೆಂದು. ಅತ್ತಿಗೆ ಓದಿದ್ದು ಹತ್ತನೇ ಕ್ಲಾಸು. ಎರಡು ದಿನ ಆಗಲ್ಲ ಎಂದರು. ಮೂರನೇ ದಿನ, ಆಗಲ್ಲ ಎನ್ನುವ ಮಾತು ತಮ್ಮ ಬಾಯಿಂದಲೇ ಬಂತಲ್ಲ ಎಂದು ಸಿಟ್ಟಾಗಿ ಹೊರಟರು. ಮೊದಲ ಪಾಠದ ದಿನ ಮಾದರಿ ತುಂಡುಗಳ ಪೆಟ್ಟಿಗೆ ಹೊತ್ತು ನಾನೂ ಹೋದೆ, ಅಣ್ಣನೂ ಬಂದ. ಕೊನೆಯ ಬೆಂಚಿನಲ್ಲಿ ಕೂತೆವು. ನಮ್ಮ ಪಕ್ಕದಲ್ಲಿ ಅಲ್ಲಿನ ಒಬ್ಬ ಮೇಷ್ಟ್ರು ಕೂತಿದ್ದರು.

ಅತ್ತಿಗೆ ಸೋತ ಹಲಗೆಯಿಂದಲೇ ಶುರುಮಾಡಿದರು. ಅದು ಹೇಗೆ ಜಗ್ಗಿತು, ಅಣ್ಣ ಏನೆಂದ, ತಾವು ಎಲ್ಲಿ ಎಡವಿದ್ದು ಎಂಬುದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ಹುಡುಗಿಯರೂ ಹುಡುಗರೂ ಪೆನ್ನು ಕೆಳಗಿಟ್ಟು ಕೇಳಿದರು. ಒಂದು ಗಂಟೆ ಆದ ಮೇಲೂ ಯಾರೂ ಏಳಲಿಲ್ಲ.

ಪಕ್ಕದ ಮೇಷ್ಟ್ರು ಅಣ್ಣನ ಕಡೆ ಬಾಗಿ, "ಎಷ್ಟು ಚೆನ್ನಾಗಿ ಹೇಳ್ತಾರೆ. ಯಾರು ಇವರು, ಗೊತ್ತಾ ನಿಮಗೆ?" ಎಂದು ಮೆಲ್ಲಗೆ ಕೇಳಿದರು.

ಅಣ್ಣ ನಡುಗುವ ಕೈಯಿಂದ ಅಂಗಿಯ ಕಾಲರು ಸರಿಮಾಡಿಕೊಂಡು, ನೆಟ್ಟಗೆ ಕೂತು, "ನಮ್ಮನೆಯವರು" ಎಂದ.